ಇಟಾಲಿಯನ್ ವ್ಯಾಕರಣದ ಎರಡು ಗಂಟುಗಳು
(ಮುನಿರ್ಕಾ ವಾಚನಾಲಯದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಹುಡುಗನೊಬ್ಬ ಕೆಲಸಕ್ಕಾಗಿ ಇಟಲಿಗೆ ಹೊರಟಿದ್ದಾನೆ. ಊರಿನಲ್ಲಿ ಸಾಲ ಮಾಡಿ ಶುಲ್ಕ ಕಟ್ಟಿದವನು ಭಾಷಾ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದ. “ವ್ಯಾಕರಣ ನನ್ನ ತಲೆಗೆ ಹತ್ತದು, ಅಣ್ಣಾ” ಎಂದು ಪುಸ್ತಕ ಮುಚ್ಚಿಟ್ಟ. ನಾವೇನೂ ಪಂಡಿತರಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವ ಮೆಟ್ರಿಕ್ ಪಾಸಾದವರು. ಆದರೂ ಅವನೊಡನೆ ಕೂತು ಓದಿದಾಗ ಕಂಡದ್ದನ್ನು ಅರಿಕೆ ಮಾಡುತ್ತೇವೆ.

ಮೊದಲನೆಯ ಗಂಟು ವಿಭಕ್ತಿಯದು. ನಾವು ‘ಪುಸ್ತಕದ’, ‘ಮಾರುಕಟ್ಟೆಗೆ’ ಎಂದು ನಾಮಪದದ ಕೊನೆಗೆ ಪ್ರತ್ಯಯ ಹಚ್ಚುತ್ತೇವೆ. ಅವರು ಅದೇ ಕೆಲಸಕ್ಕೆ ನಾಮಪದದ ಮೊದಲೇ ಒಂದು ಬಿಡಿ ಪದ ಇಡುತ್ತಾರೆ. ‘ದಿ’ ನಮ್ಮ ಷಷ್ಠಿ. ‘ಆ’ ಎಂದರೆ ‘ಗೆ’. ‘ದಾ’ ಎಂದರೆ ‘ಇಂದ’. ‘ಇನ್’ ಎಂದರೆ ‘ಒಳಗೆ’. ‘ಸು’ ಎಂದರೆ ‘ಮೇಲೆ’. ನಾಮಪದಕ್ಕೆ ಇಂಗ್ಲಿಷಿನ ಆರ್ಟಿಕಲ್ಲಿನಂಥ ‘ಇಲ್’ ಎಂಬುದೂ ಉಂಟು, ಸ್ತ್ರೀಲಿಂಗಕ್ಕೆ ‘ಲಾ’. ಇವೆರಡೂ ಎದುರಾದರೆ ನಮ್ಮ ಸಂಧಿಯಂತೆ ಕೂಡಿಕೊಳ್ಳುತ್ತವೆ: ದೆಲ್, ಆಲ್, ದಾಲ್, ನೆಲ್, ಸುಲ್. ಸ್ತ್ರೀಲಿಂಗವಾದರೆ ದೆಲ್ಲಾ, ಆಲ್ಲಾ, ದಾಲ್ಲಾ, ನೆಲ್ಲಾ, ಸುಲ್ಲಾ. ‘ಆಲ್ ಮೆರ್ಕಾತೊ’ ಎಂದರೆ ಮಾರುಕಟ್ಟೆಗೆ. ‘ಸುಲ್ ತಾವೊಲೊ’ ಎಂದರೆ ಮೇಜಿನ ಮೇಲೆ.

ಒಂದು ಎಚ್ಚರ. ‘ವಾದೊ ದಾಲ್ ಮೇದಿಕೊ’ ಎಂದರೆ ‘ಡಾಕ್ಟರ ಬಳಿಗೆ ಹೋಗುತ್ತೇನೆ’ ಎಂದರ್ಥ. ವ್ಯಕ್ತಿಯ ಬಳಿಗೆ ಹೋಗುವಾಗಲೂ ‘ದಾ’ ಬರುತ್ತದೆ. ನಮ್ಮ ಹುಡುಗ ‘ಡಾಕ್ಟರಿಂದ’ ಎಂದು ತಿಳಿದು ತಪ್ಪು ಉತ್ತರಕ್ಕೆ ಗುರುತು ಹಾಕಿದ್ದ.

ಎರಡನೆಯದು ತಾರತಮ್ಯ. ಈ ಪದವೇ ಸಂಸ್ಕೃತದ ‘ತರ’, ‘ತಮ’ ಪ್ರತ್ಯಯಗಳಿಂದ ಬಂದದ್ದು. ‘ಆಲ್ತೊ’ ಎಂದರೆ ಎತ್ತರ. ‘ಪ್ಯೂ ಆಲ್ತೊ’ ಎಂದರೆ ಇನ್ನೊಬ್ಬನಿಗಿಂತ ಎತ್ತರ. ‘ಇಲ್ ಪ್ಯೂ ಆಲ್ತೊ’ ಎಂದರೆ ಎಲ್ಲರಿಗಿಂತ ಎತ್ತರ. ಹೋಲಿಕೆಯಿಲ್ಲದೆ ಬರೀ ‘ಬಹಳ ಎತ್ತರ’ ಎನ್ನಲು ‘ಆಲ್ತಿಸ್ಸಿಮೊ’. 1942ರಲ್ಲಿ ದೆಹಲಿಗೆ ಬಂದಿದ್ದ ಚೀನದ ಚಿಯಾಂಗ್ ಕೈ-ಷೆಕ್ ಅವರನ್ನು ‘ಜನರಲಿಸಿಮೊ’ ಎಂದು ಕರೆಯುತ್ತಿದ್ದರು. ಅದರ ಬಾಲವೂ ಇದೇ ಪ್ರತ್ಯಯ. ‘ಬುವೊನೊ’, ಅಂದರೆ ‘ಒಳ್ಳೆಯ’, ‘ಮಿಲ್ಯೊರೆ’, ‘ಒತ್ತಿಮೊ’ ಎಂದೂ ರೂಪ ಬದಲಿಸುತ್ತದೆ. ಅದನ್ನು ಬಾಯಿಪಾಠ ಮಾಡಲೇಬೇಕು.

ಎರಡು ಗಂಟುಗಳೂ ಸೇರುವ ಜಾಗವೊಂದಿದೆ. ‘ತರಗತಿಯಲ್ಲೆಲ್ಲ ಎತ್ತರದವನು’ ಎನ್ನಲು ನಮಗೆ ‘ನೆಲ್ಲಾ’ ಬಾಯಿಗೆ ಬರುತ್ತದೆ. ಅವರು ಹೇಳುವುದು ‘ಇಲ್ ಪ್ಯೂ ಆಲ್ತೊ ದೆಲ್ಲಾ ಕ್ಲಾಸ್ಸೆ’. ನಾವು ಸಪ್ತಮಿ ಹಚ್ಚುವ ಕಡೆ ಅವರದು ಷಷ್ಠಿ.

ಹುಡುಗ ಪುಸ್ತಕವನ್ನು ಮತ್ತೆ ತೆರೆದಿದ್ದಾನೆ. ಪರೀಕ್ಷೆ ಇನ್ನೂ ಮುಂದಿದೆ. ಬಾಲ್ಯದಲ್ಲಿ ಕಲಿತ ವಿಭಕ್ತಿ, ಸಂಧಿ ವ್ಯರ್ಥವಲ್ಲ, ಬಂಧುಗಳೇ. ಪರಭಾಷೆಯ ಅಟ್ಟಕ್ಕೆ ಅದೇ ಏಣಿ. ಹಳೆಯ ಕನ್ನಡ ವ್ಯಾಕರಣ ಪುಸ್ತಕಗಳಿದ್ದವರು ದಯವಿಟ್ಟು ಇಲ್ಲಿಗೆ ತಂದುಕೊಡಿ.