ಹೆಣ್ಣಿನ ಬೆಲೆ ಕಟ್ಟಿದವರನ್ನು ನಗೆಗೀಡು ಮಾಡಿದ ನಾಟಕ

ಒಂದು ವರ್ಷದ ಹೆಣ್ಣುಕೂಸಿಗೆ 350ರಿಂದ 400 ರೂಪಾಯಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ವಿಶಾಖಪಟ್ಟಣ ಜಿಲ್ಲೆಯ ಬ್ರಾಹ್ಮಣ ಮನೆಗಳಲ್ಲಿ ನಡೆದ ದರ ಇದು. ವಿಜಯನಗರಂನ ಮಹಾರಾಜ ಆನಂದ ಗಜಪತಿ ಲೆಕ್ಕ ತೆಗೆಸಿದಾಗ, ಹಣ ತೆಗೆದುಕೊಂಡು ಮಾಡಿಕೊಟ್ಟ ಮದುವೆಗಳು 1,034 ಸಿಕ್ಕವು. ಐದು ವರ್ಷದ ಹುಡುಗಿಯರೇ 99. ಒಂದೇ ವರ್ಷದ ಕೂಸುಗಳು ಮೂರು. ಬಸಿರಿನಲ್ಲಿದ್ದ ಮಗುವಿಗೂ ವ್ಯಾಪಾರ ಕುದುರಿದ್ದುಂಟು.

ತೆಲುಗು ಲೇಖಕ ಗುರಜಾಡ ಅಪ್ಪಾರಾವ್ 1897ರಲ್ಲಿ ಅಚ್ಚಾದ ತಮ್ಮ 'ಕನ್ಯಾಶುಲ್ಕಂ' ನಾಟಕದ ಮುನ್ನುಡಿಯಲ್ಲಿ ಈ ಅಂಕಿಗಳನ್ನು ಕೊಟ್ಟಿದ್ದಾರೆ. ಇಂಥ ಪಟ್ಟಿ ಕೈಯಲ್ಲಿದ್ದವರು ಗೋಳಿನ ನಾಟಕ ಬರೆಯಬಹುದಿತ್ತು. ಅವರು ಬರೆದದ್ದು ಹಾಸ್ಯ, ಅದೂ ಮನೆಯಂಗಳದಲ್ಲಿ ಆಡುವ ತೆಲುಗಿನಲ್ಲಿ. ಓದುವ ಅಭ್ಯಾಸ ಜನರಲ್ಲಿ ಬೇರೂರುವ ತನಕ ರಂಗಭೂಮಿಯೇ ದಾರಿ ಎಂದು ಅವರು ನಂಬಿದ್ದರು. 1892ರ ಆಗಸ್ಟಿನಲ್ಲಿ ವಿಜಯನಗರಂನಲ್ಲಿ ಮೊದಲ ಪ್ರಯೋಗವಾಯಿತು. 1909ರಲ್ಲಿ ನಾಟಕವನ್ನು ಅವರೇ ಹಿಗ್ಗಿಸಿ ಬರೆದರು.

ನಗು ಯಾರ ಮೇಲೆ ಬೀಳುತ್ತದೆ, ನೋಡಿ. ಮುದುಕ ಲುಬ್ಧಾವಧಾನಿಗೆ ಅಪ್ಪನೇ ಮಾರಲು ಹೊರಟ ಹುಡುಗಿ ಸುಬ್ಬಿಯ ಮೇಲಲ್ಲ. ದುಡ್ಡು ಎಣಿಸಿಕೊಟ್ಟು, ಸೀರೆ ಉಟ್ಟ ಹುಡುಗನಿಗೇ ತಾಳಿ ಕಟ್ಟುವ ಆ ಮುದುಕನ ಮೇಲೆ. ಇಂಗ್ಲಿಷ್ ಉದುರಿಸುತ್ತ, ವಿಧವಾ ವಿವಾಹದ ಪರ ಮಾತಾಡುತ್ತಲೇ ಬಾಲವಿಧವೆಯನ್ನು ಓಡಿಸಿಕೊಂಡು ಹೋಗುವ ಗಿರೀಶಂ ಮೇಲೆ. ಸುಧಾರಕನ ವೇಷ ತೊಟ್ಟ ಕಪಟಿಯನ್ನೂ ಬಿಡದ ಆ ಧೈರ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕನ್ನಡಿಗರು ಇದಕ್ಕೂ ಮೊದಲೇ ಈ ದಾರಿ ತುಳಿದಿದ್ದರು. ಹೊನ್ನಾವರದ ಬಳಿಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಪ್ರಕಟಿಸಿದರು. ಅದರ ವಸ್ತುವೂ ಕನ್ಯಾವಿಕ್ರಯವೇ. ಹವ್ಯಕ ಮಾತಿನಲ್ಲಿ, ತಮ್ಮವರ ಮುಖಕ್ಕೇ ಹೇಳಿದ ಮಾತು ಅದು.

'ಕನ್ಯಾಶುಲ್ಕಂ' 1955ರಲ್ಲಿ ಸಿನಿಮಾ ಆಯಿತು. ನಾಟಕದ ವೇಶ್ಯೆ ಮಧುರವಾಣಿಯಾಗಿ ಸಾವಿತ್ರಿ, ಗಿರೀಶಂ ಆಗಿ ಎನ್.ಟಿ. ರಾಮರಾವ್. ಆಮೇಲೆ ಹಾಸ್ಯ ಮನೆಯೊಳಗಿನ ಟಿವಿಗೆ ಬಂತು. ಅಮೆರಿಕದಲ್ಲಿ 'ಮಾಡ್' ಎಂಬ ಹಾಸ್ಯ ಧಾರಾವಾಹಿ 1972ರಲ್ಲೇ ಗರ್ಭಪಾತದ ವಿಷಯ ಎತ್ತಿಕೊಂಡಿತ್ತು. ಆದರೆ ನಮ್ಮ ಟಿವಿ ಹಾಸ್ಯದಲ್ಲಿ ಹೆಂಡತಿಯ ಮೈಬಣ್ಣ, ದಪ್ಪ ಮೈ ಇವೇ ಎಷ್ಟೋ ಸಲ ನಗುವಿನ ಸರಕು. ಇಂದು ಹಣ ಕೇಳುವವರು ಗಂಡಿನ ಕಡೆಯವರು; ವರದಕ್ಷಿಣೆಗೆ 1961ರಲ್ಲೇ ನಿಷೇಧ ಬಂದರೂ ಚಿನ್ನದ ಲೆಕ್ಕ ಕೇಳುವ ಬೀಗರು ಇನ್ನೂ ಇದ್ದಾರೆ. ಆ ಬೀಗರನ್ನು ಲುಬ್ಧಾವಧಾನಿಯಂತೆ ಎಲ್ಲರೆದುರು ಪೇಚಿಗೆ ಸಿಕ್ಕಿಸುವ ಧಾರಾವಾಹಿಯೊಂದು ರಾತ್ರಿ ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ ಬರಲಿ ಎಂಬುದು ನನ್ನ ಆಸೆ.