ಇಡೀ ರೋಗಿಯನ್ನು ನೋಡುವವರು ಯಾರು?

(ಬಾನುಲಿ ಭಾಷಣ)

ಶಸ್ತ್ರ ಹಿಡಿಯದೆ, ರೋಗಿಯ ಮಾತು ಕೇಳಿ, ನಾಡಿ ಮುಟ್ಟಿ, ಎದೆಬಡಿತ ಆಲಿಸಿ, ಒಳಗಿನ ಬೇನೆಯನ್ನು ಗುರುತಿಸಿ ಮದ್ದು ಕೊಡುವ ಶಾಖೆಯನ್ನು ನಾವು ಜನರಲ್ ಮೆಡಿಸಿನ್ ಎನ್ನುತ್ತೇವೆ. ಅಮೆರಿಕದವರು ಇಂಟರ್ನಲ್ ಮೆಡಿಸಿನ್ ಎನ್ನುತ್ತಾರೆ. ಆ ಹೆಸರಿನ ಮೂಲ ಜರ್ಮನಿ. 1882ರಲ್ಲಿ ಅಲ್ಲಿನ ವೀಸ್‌ಬಾಡೆನ್ ನಗರದಲ್ಲಿ ಈ ಶಾಖೆಯ ವೈದ್ಯರು ಮೊದಲ ಸಮ್ಮೇಳನ ಸೇರಿದಾಗಲೇ, ವೈದ್ಯವಿದ್ಯೆ ಹೋಳುಹೋಳಾದೀತೆಂಬ ಆತಂಕ ಕೇಳಿಬಂದಿತ್ತು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆದಾಗ ಅಲ್ಲಿಗೆ ಬಂದ ವಿಲಿಯಂ ಆಸ್ಲರ್, ತರುಣ ವೈದ್ಯರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ರೋಗಿಯ ಹಾಸಿಗೆಯ ಬಳಿ ಕಲಿಸಿದರು. ರೆಸಿಡೆಂಟ್ ಎಂದರೆ ವಾಸಿಸುವವನೆಂದೇ ಅರ್ಥ. 1892ರಲ್ಲಿ ಈ ಶಾಖೆಯ ತಿಳಿವನ್ನೆಲ್ಲ ಅವರೊಬ್ಬರೇ ಒಂದು ಗ್ರಂಥದಲ್ಲಿ ಬರೆದರು. ಇಂದು ಅದು ಒಬ್ಬರಿಂದಾಗುವ ಕಾರ್ಯವಲ್ಲ. ಹೃದಯ, ಮೂತ್ರಪಿಂಡ, ನರಮಂಡಲ, ಜಠರ ಒಂದೊಂದೂ ಪ್ರತ್ಯೇಕ ಶಾಸ್ತ್ರವಾಗಿದೆ. ಇದರಿಂದ ಉಳಿದ ಪ್ರಾಣಗಳು ಅಸಂಖ್ಯ. ತಜ್ಞರನ್ನು ಹಳಿಯುವುದು ಕೃತಘ್ನತೆಯಾದೀತು.

ಆದರೆ ತಜ್ಞತೆಯೊಂದೇ ಗುರಿಯಾದಾಗ ಏನಾಗುತ್ತದೆ? ನಮ್ಮಲ್ಲಿ ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. 3 ವರ್ಷ, ಅದರ ಮೇಲೆ ಒಂದು ಅಂಗಕ್ಕೆ ಮೀಸಲಾದ ಡಿ.ಎಂ. ಮತ್ತೆ 3 ವರ್ಷ. ಎಂ.ಡಿ. ಒಂದು ಕಾಲಕ್ಕೆ ನೆಲೆಯಾಗಿತ್ತು, ಈಗ ಮೆಟ್ಟಿಲಾಗಿದೆ. ಡಿ.ಎಂ. ಪ್ರವೇಶಕ್ಕೆ 2017ರಲ್ಲಿ ರಾಷ್ಟ್ರಮಟ್ಟದ ಒಂದೇ ಪರೀಕ್ಷೆ ಬಂದಿತು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಎಂ.ಡಿ. ಮುಗಿಯುವ ಮೊದಲೇ ಅದಕ್ಕೆ ಓದತೊಡಗುತ್ತಾರೆ. ಅವರನ್ನು ದೂರಲಾರೆ. ಗೌರವವೂ ಗಳಿಕೆಯೂ ಅತ್ತಲೇ ಇವೆ. ರೋಗಿಯೂ ನೇರವಾಗಿ ತಜ್ಞರ ಬಾಗಿಲಿಗೇ ಹೋಗುತ್ತಾನೆ.

ಅಮೆರಿಕದಲ್ಲಿ ಇನ್ನೊಂದು ಕವಲು ಒಡೆದಿದೆ. ಆಸ್ಪತ್ರೆಗೆ ಸೇರಿದ ರೋಗಿಗಳನ್ನಷ್ಟೇ ನೋಡಿಕೊಳ್ಳುವ ವೈದ್ಯರಿಗೆ 1996ರಲ್ಲಿ ವಾಕ್ಟರ್ ಮತ್ತು ಗೋಲ್ಡ್‌ಮನ್ ಎಂಬಿಬ್ಬರು ಹಾಸ್ಪಿಟಲಿಸ್ಟ್ ಎಂದು ಹೆಸರಿಟ್ಟರು. ಅಂದಿನಿಂದ ಆ ವೃತ್ತಿ ಬಹುವಾಗಿ ಬೆಳೆದಿದೆ. ಒಂದೇ ಊರಿನಲ್ಲಿ ಕುಳಿತು, ಒಬ್ಬನೇ ರೋಗಿಯನ್ನು ವರ್ಷಗಟ್ಟಲೆ ನೋಡುವ ಹಾದಿಯನ್ನು ಹಿಡಿಯುವವರು ಅಲ್ಲಿಯೂ ವಿರಳರಾಗುತ್ತಿದ್ದಾರೆ.

ಇದರ ಪರಿಣಾಮವನ್ನು ನಾನು ವಾರ್ಡಿನಲ್ಲಿ ಕಂಡಿದ್ದೇನೆ. ವೃದ್ಧರೊಬ್ಬರಿಗೆ ಎದ್ದು ನಿಂತರೆ ತಲೆಸುತ್ತು. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು ಮಾತ್ರೆ ಕೊಟ್ಟಿದ್ದರು. ಮೂತ್ರದ ತೊಂದರೆಗೆ ಇನ್ನೊಬ್ಬರು. ಮೂರನೆಯವರು ಮಿದುಳಿನ ಸ್ಕ್ಯಾನ್ ಮಾಡಿಸಿ ದೋಷವಿಲ್ಲವೆಂದರು. ಮೂವರ ಕೆಲಸದಲ್ಲೂ ಲೋಪವಿರಲಿಲ್ಲ. ಕೊನೆಗೆ ಎಂ.ಡಿ. ವಿದ್ಯಾರ್ಥಿನಿಯೊಬ್ಬರು ಅವರನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದರು. ನಿಂತಾಗ ಅದು ಕುಸಿಯುತ್ತಿತ್ತು. ಎರಡು ಮಾತ್ರೆಗಳೂ ಕೂಡಿ ಅದನ್ನು ಇಳಿಸುತ್ತಿದ್ದವು. ಇದನ್ನು ಪತ್ತೆಹಚ್ಚಲು ಬೇಕಾದದ್ದು ಹತ್ತು ನಿಮಿಷದ ವ್ಯವಧಾನ ಮತ್ತು ಎಲ್ಲ ಚೀಟಿಗಳನ್ನೂ ಒಟ್ಟಿಗೆ ಓದುವ ಅಭ್ಯಾಸ. ಆಕೆ ಈಗ ಡಿ.ಎಂ.ಗೆ ಓದುತ್ತಿದ್ದಾರೆ.

ಆಯುಸ್ಸು ಹೆಚ್ಚಿದಂತೆ ಒಬ್ಬರಲ್ಲೇ ನಾಲ್ಕಾರು ಕಾಯಿಲೆಗಳು ಕೂಡುತ್ತವೆ. ಕೂಡಿಸಿ ನೋಡುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಜನರಲ್ ಮೆಡಿಸಿನ್ನಿನಲ್ಲೇ ನಿಲ್ಲುವ ವೈದ್ಯರಿಗೆ ತಕ್ಕ ಹುದ್ದೆ, ವೇತನ, ಮನ್ನಣೆ ದೊರೆಯಬೇಕು. ಕೇಳುಗರಾದ ತಾವೂ ತಮ್ಮ ಮೈಯ ಚರಿತ್ರೆಯನ್ನೆಲ್ಲ ಬಲ್ಲ ಒಬ್ಬ ವೈದ್ಯರನ್ನು ಉಳಿಸಿಕೊಳ್ಳಿ. ತಜ್ಞರಲ್ಲಿಗೆ ಹೋಗುವ ಮುನ್ನ ಅವರನ್ನು ಕೇಳಿ. ಹೋಗಿಬಂದ ಮೇಲೆ ಚೀಟಿಯನ್ನು ಅವರಿಗೆ ತೋರಿಸಿ.