ಕಾವಲುಗಾರ ಕೂಸಾದ ಕಥೆ

ಗುಂಡುಕೆನ್ನೆಯ ಮಗುವನ್ನು ಇಂಗ್ಲಿಷಿನಲ್ಲಿ ಮುದ್ದಿಗೆ ‘ಚೆರಬ್’ ಎನ್ನುವುದುಂಟು. ಮೂಲ, ಹೀಬ್ರೂ ಭಾಷೆಯ ‘ಕೆರೂಬ್’. ಕನ್ನಡ ಬೈಬಲಿನ ಕೆರೂಬಿಯರು ಇವರೇ. ಅಲ್ಲಿ ಮುದ್ದಿನ ಮಾತೇ ಇಲ್ಲ! ಆದಾಮನನ್ನು ಹೊರಗಟ್ಟಿದ ಮೇಲೆ ಏದೆನ್ ತೋಟದ ಪೂರ್ವಕ್ಕೆ, ಧಗಧಗಿಸುವ ಕತ್ತಿಯೊಡನೆ, ಜೀವವೃಕ್ಷದ ದಾರಿ ಕಾಯಲು ನಿಂತವರು. ಪ್ರವಾದಿ ಯೆಹೆಜ್ಕೇಲ ಕಂಡವರಿಗಂತೂ ಮನುಷ್ಯ, ಸಿಂಹ, ಎತ್ತು, ಹದ್ದು ಹೀಗೆ ಒಬ್ಬೊಬ್ಬರಿಗೂ ನಾಲ್ಕು ಮುಖ. ಮಕ್ಕಳು ಕಂಡರೆ ಹೆದರಿಯಾರು!

ಕೂಸಿನ ರೂಪ ಬಂದದ್ದು ಚಿತ್ರಕಾರರಿಂದ. ಪುನರುಜ್ಜೀವನ ಕಾಲದ ಇಟಲಿಯಲ್ಲಿ, ರೋಮನ್ನರ ಮನ್ಮಥ ಕ್ಯುಪಿಡ್‌ನನ್ನು ಹೋಲುವ ಮಕ್ಕಳನ್ನು ಬರೆಯುತ್ತಿದ್ದರು. ಅಂಥ ಮಗುವಿಗೆ ‘ಪುಟ್ಟೊ’ ಎಂದು ಹೆಸರು. (ನಮ್ಮ ‘ಪುಟ್ಟ’ನಿಗೆ ನೆಂಟನಲ್ಲ, ಲ್ಯಾಟಿನ್ ಮೂಲದ್ದು.) ಕ್ರಮೇಣ ಕಾವಲುಗಾರನ ಹೆಸರು ಈ ಕೂಸಿಗೇ ಅಂಟಿತು. 1512ರ ಸುಮಾರಿಗೆ ರಫೇಲ್ ಬರೆದ ‘ಸಿಸ್ಟೀನ್ ಮಡೋನಾ’ದ ಕೆಳ ಅಂಚಿನಲ್ಲಿ ಮೇಲೆ ನೋಡುತ್ತಿರುವ ಇಬ್ಬರು ರೆಕ್ಕೆಯ ಮಕ್ಕಳನ್ನು ನೀವು ಗ್ರೀಟಿಂಗ್ ಕಾರ್ಡುಗಳಲ್ಲಿ ಕಂಡಿರಬಹುದು.